ಚೀವರ ತೊಟ್ಟವರು ಹಾಡಬಹುದೇ? ಶ್ರಾಮಣೇರ ದೀಕ್ಷೆಯ ಬಗ್ಗೆ ಒಂದು ಪ್ರಶ್ನೆ

ಚಿತ್ತಾಪುರದ ಅಣ್ಣ:
ಎಲ್ಲರಿಗೂ ಜೈಭೀಮ್, ನಮೋ ಬುದ್ಧಾಯ. ನನ್ನ ತಮ್ಮ ಚಿಕ್ಕಂದಿನಿಂದಲೂ ಹಾರ್ಮೋನಿಯಂ ನುಡಿಸುತ್ತ, ಸುತ್ತಮುತ್ತಲಿನ ಊರುಗಳಲ್ಲಿ ಅಂಬೇಡ್ಕರರ ಕುರಿತ ಭೀಮಗೀತೆ ಹಾಡುತ್ತ ಬೆಳೆದವನು. ಈ ವರ್ಷ ಆಷಾಢ ಹುಣ್ಣಿಮೆಯಿಂದ, ಭಿಕ್ಷುಗಳ ಮಳೆಗಾಲದ ವಾಸವಾದ ವರ್ಷಾವಾಸ ಮುಗಿಯುವವರೆಗೆ ಶ್ರಾಮಣೇರನಾಗಿ, ಅಂದರೆ ದೀಕ್ಷೆ ಪಡೆದ ಕಿರಿಯ ಸಾಧಕನಾಗಿ, ವಿಹಾರದಲ್ಲಿ ಇರಲು ನಿರ್ಧರಿಸಿದ್ದಾನೆ. ಮನೆಯವರೆಲ್ಲರಿಗೂ ಸಂತೋಷವೇ. ಆದರೆ ದೀಕ್ಷೆ ಕೊಡಲಿರುವ ಭಿಕ್ಷುಗಳಾದ ಭಂತೇಜಿಯವರು, ಹಾರ್ಮೋನಿಯಂ ಪೇಟಿಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು, ಚೀವರದಲ್ಲಿ, ಅಂದರೆ ಭಿಕ್ಷುವಸ್ತ್ರದಲ್ಲಿ, ಇರುವಷ್ಟು ಕಾಲ ಹಾಡುವಂತಿಲ್ಲ ಎಂದು ಹೇಳಿದಾಗಿನಿಂದ ಓಣಿಯಲ್ಲಿ ದೊಡ್ಡ ಚರ್ಚೆ ನಡೆದಿದೆ. ಬುದ್ಧ ಪೂರ್ಣಿಮೆಯ ದಿನ ವಿಹಾರದ ಅಂಗಳದಲ್ಲೇ ಹಾಡಿನ ಕಾರ್ಯಕ್ರಮ ನಡೆಯುತ್ತದೆ, ಟಿಬೆಟಿನ ಭಿಕ್ಷುಗಳು ಕಹಳೆ ಊದುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಹಾಗಿದ್ದ ಮೇಲೆ ಇವನಿಗೆ ಮಾತ್ರ ಏಕೆ ಈ ನಿಷೇಧ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ತ್ರಿಶರಣ:
ನಿಯಮ ಸ್ಪಷ್ಟವಾಗಿದೆ. ಗೃಹಸ್ಥರು ಪಾಲಿಸುವ ಪಂಚಶೀಲದಲ್ಲಿ ಸಂಗೀತದ ಮಾತೇ ಇಲ್ಲ. ಉಪೋಸಥವೆಂಬ ವ್ರತದ ದಿನ ಬಿಳಿ ಬಟ್ಟೆ ತೊಟ್ಟು ಅಷ್ಟಶೀಲ ಹಿಡಿಯುವ ಉಪಾಸಕರು ಆ ಒಂದು ದಿನದ ಮಟ್ಟಿಗೆ ಕುಣಿತ, ಹಾಡು, ವಾದ್ಯ, ಆಟ ನೋಡುವುದು ಇವುಗಳಿಂದ ದೂರ ಇರುತ್ತಾರೆ. ಶ್ರಾಮಣೇರರಿಗೆ ಹತ್ತು ಶೀಲಗಳಿದ್ದು, ಅವುಗಳಲ್ಲಿ ಏಳನೆಯದು ಇದೇ. ಭಂತೇಜಿಯವರು ತಮ್ಮ ಕಡೆಯಿಂದ ಏನನ್ನೂ ಸೇರಿಸಿಲ್ಲ.

ಹಲಗೆ ಧ್ವನಿ:
ಶೀಲಗಳ ಪಟ್ಟಿ ನಮಗೂ ಗೊತ್ತಿದೆ. ಆದರೆ ನಮ್ಮ ಭಾಗದಲ್ಲಿ ಧಮ್ಮ ಊರೂರಿಗೆ ತಲುಪಿದ್ದು ಪ್ರವಚನದಿಂದಲ್ಲ, ಹಾಡಿನಿಂದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರು ಬೌದ್ಧ ದೀಕ್ಷೆ ಪಡೆದ ಮೇಲೆ ಆ ಸುದ್ದಿಯನ್ನು, ಅದರ ಅರ್ಥವನ್ನು ಓದು ಬರಹ ಬಾರದ ನಮ್ಮ ಅಜ್ಜ ಅಜ್ಜಿಯರಿಗೆ ಮುಟ್ಟಿಸಿದವರು ಹಲಗೆ, ಢೋಲಕಿ, ಪೇಟಿ ಹಿಡಿದು ರಾತ್ರಿಯಿಡೀ ಹಾಡಿದ ಗಾಯಕರು. ಬಾಬಾಸಾಹೇಬರೇ ವಯೋಲಿನ್ ಕಲಿಯುತ್ತಿದ್ದರು, ಆ ವಯೋಲಿನ್ ಇಂದಿಗೂ ಪುಣೆಯ ವಸ್ತುಸಂಗ್ರಹಾಲಯದಲ್ಲಿದೆ. ಇಂಥ ಸಮಾಜದಲ್ಲಿ ಒಬ್ಬ ಒಳ್ಳೆಯ ಹಾಡುಗಾರನ ಬಾಯಿ ಮುಚ್ಚಿಸುವುದರಿಂದ ಯಾರಿಗೆ ಏನು ಲಾಭ?

ತ್ರಿಶರಣ:
ಬಾಬಾಸಾಹೇಬರು ಗೃಹಸ್ಥ ಉಪಾಸಕರಾಗಿದ್ದರು, ಚೀವರ ತೊಟ್ಟಿರಲಿಲ್ಲ. ಗೃಹಸ್ಥರು ಹಾಡುವುದನ್ನು ಇಲ್ಲಿ ಯಾರೂ ಬೇಡ ಎನ್ನುತ್ತಿಲ್ಲ.

ಶಹಾಪುರದ ಶಿಕ್ಷಕಿ:
ನಿಯಮ ಇದೆ ಎಂದಷ್ಟೇ ಹೇಳಿದರೆ ಅಣ್ಣನವರ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಅದು ಹೇಗೆ ಬಂತು ಎಂಬುದನ್ನು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕವೇ ಹೇಳುತ್ತದೆ. ರಾಜಗೃಹದಲ್ಲಿ ಬೆಟ್ಟದ ಮೇಲೆ ಒಂದು ಜಾತ್ರೆ ನಡೆಯುತ್ತಿತ್ತು. ಆರು ಜನರ ಗುಂಪು ಎಂದೇ ಹೆಸರಾದ ಭಿಕ್ಷುಗಳು ಆ ಜಾತ್ರೆ ನೋಡಲು ಹೋದಾಗ, ಕಾಮಭೋಗದಲ್ಲಿರುವ ಗೃಹಸ್ಥರಂತೆ ಈ ಶಾಕ್ಯಪುತ್ರರೂ ಕುಣಿತ, ಹಾಡು ನೋಡಲು ಬರುತ್ತಾರಲ್ಲ ಎಂದು ಜನ ಆಡಿಕೊಂಡರು. ಮಾತು ಬುದ್ಧರವರೆಗೆ ಹೋಗಿ, ಭಿಕ್ಷುಗಳು ಇವುಗಳನ್ನು ನೋಡಲು ಹೋಗಬಾರದೆಂಬ ನಿಯಮ ಹುಟ್ಟಿತು. ಹೋದರೆ ಅದು ದುಕ್ಕಟ, ಅಂದರೆ ಅತ್ಯಂತ ಹಗುರವಾದ ತಪ್ಪುಗಳಲ್ಲಿ ಒಂದು. ಭಿಕ್ಷುಣಿಯರಿಗೆ ಮಾತ್ರ ಅದನ್ನು ಇನ್ನೂ ಗುರುತರವಾದ ಪಾಚಿತ್ತಿಯವಾಗಿ ಇಟ್ಟಿದ್ದಾರೆ, ಆ ವ್ಯತ್ಯಾಸದ ಬಗ್ಗೆ ನನಗೆ ಮೊದಲಿನಿಂದಲೂ ಅಸಮಾಧಾನವಿದೆ.

ಇನ್ನು ಹಾಡುವ ವಿಷಯ. ಕೆಲವು ಭಿಕ್ಷುಗಳು ಧಮ್ಮವನ್ನೇ ರಾಗ ಎಳೆದು ಹಾಡತೊಡಗಿದಾಗ ಬುದ್ಧರು ಐದು ದೋಷಗಳನ್ನು ಎಣಿಸಿದರು. ಹಾಡುವವನು ತನ್ನ ದನಿಗೆ ತಾನೇ ಮರುಳಾಗುತ್ತಾನೆ. ಕೇಳುವವರು ಆ ದನಿಗೆ ಮರುಳಾಗುತ್ತಾರೆ. ನಾವು ಹಾಡುವ ಹಾಗೆಯೇ ಇವರೂ ಹಾಡುತ್ತಾರೆಂದು ಗೃಹಸ್ಥರು ಟೀಕಿಸುತ್ತಾರೆ. ಸ್ವರವನ್ನು ತಿದ್ದಿ ತೀಡುವ ಆಸೆಯಲ್ಲಿ ಸಮಾಧಿ ಮುರಿಯುತ್ತದೆ. ಮುಂದಿನ ಪೀಳಿಗೆ ಇದನ್ನೇ ಮಾದರಿಯಾಗಿ ಹಿಡಿಯುತ್ತದೆ. ಬುದ್ಧರ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿಯೂ ಈ ಐದು ಇವೆ. ಇಷ್ಟು ಹೇಳಿದ ಮೇಲೆ ಪಠಿಸುವುದಕ್ಕೂ ಭಿಕ್ಷುಗಳು ಹಿಂಜರಿದರು, ಆಗ ಸ್ವರಬದ್ಧವಾಗಿ ಪಠಿಸಲು ಬುದ್ಧರೇ ಒಪ್ಪಿಗೆ ಕೊಟ್ಟರು. ನಮ್ಮ ವಿಹಾರಗಳಲ್ಲಿ ತ್ರಿಶರಣ, ರಕ್ಷಣೆಗಾಗಿ ಪಠಿಸುವ ಪರಿತ್ತ ಸುತ್ತಗಳನ್ನು ಒಂದು ಧಾಟಿಯಲ್ಲಿ ಹೇಳುವುದು ಈ ಒಪ್ಪಿಗೆಯ ಬಲದಿಂದಲೇ. ಆದ್ದರಿಂದ ನಿಮ್ಮ ತಮ್ಮನ ಕಂಠಕ್ಕೆ ವಿಹಾರದಲ್ಲಿ ಬೇಕಾದಷ್ಟು ಕೆಲಸ ಸಿಗುತ್ತದೆ.

ಹುಮನಾಬಾದಿನ ಪೇಟಿ ಮಾಸ್ತರ:
ಇಲ್ಲಿ ಬಾಯಿ ಬಿಡದಿರುವುದೇ ಒಳ್ಳೆಯದು ಎಂದುಕೊಂಡಿದ್ದೆ, ಆದರೆ ಶಿಕ್ಷಕಿಯವರು ಹೇಳಿದ ನಾಲ್ಕನೆಯ ದೋಷವನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಪೇಟಿ ಕಲಿಸುವುದು ನನ್ನ ಕಸುಬು. ಭೈರವಿಯಲ್ಲಿ ಕೋಮಲ ನಿಷಾದ ಹಿಡಿದು ಷಡ್ಜಕ್ಕೆ ಬರುವಾಗ ಎಡಗೈ ತಿದಿಯನ್ನು ಎಷ್ಟು ಮೆಲ್ಲಗೆ ಒತ್ತಬೇಕು, ಬೆರಳು ಯಾವ ಕ್ಷಣಕ್ಕೆ ಎತ್ತಬೇಕು ಎಂಬುದರಲ್ಲಿಯೇ ಹುಡುಗರ ಜೀವ ಇರುತ್ತದೆ. ಆ ಹೊತ್ತಿನಲ್ಲಿ ಹಾಡಿನ ಅರ್ಥ ಏನೆಂದು ಕೇಳಿದರೆ ಹೇಳಲಾರರು. ಅದು ತಪ್ಪಲ್ಲ, ಸಂಗೀತ ಕಲಿಯುವುದೇ ಹಾಗೆ. ಕಾರ್ಯಕ್ರಮ ಮುಗಿದು ಮನೆಗೆ ಬಂದು ಮಲಗಿದರೂ ಆ ಒಂದು ತಾನ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಉಸಿರನ್ನು ಗಮನಿಸುತ್ತ ಕುಳಿತುಕೊಳ್ಳಬೇಕಾದವನಿಗೆ ಇದು ಅಡ್ಡಿಯಾಗುತ್ತದೆ ಎಂದು ಹೇಳಿದವರು ಸಂಗೀತ ಗೊತ್ತಿಲ್ಲದವರಲ್ಲ, ಅದರ ಹಿಡಿತವನ್ನು ಚೆನ್ನಾಗಿ ಬಲ್ಲವರು. ಸೋಣ ಎಂಬ ಭಿಕ್ಷು ಕಾಲಿನಿಂದ ರಕ್ತ ಬರುವವರೆಗೆ ಚಂಕ್ರಮಣ, ಅಂದರೆ ನಡೆದಾಡುತ್ತ ಧ್ಯಾನ, ಮಾಡಿ ಸೋತು ಕುಳಿತಾಗ, ಅವನು ಮೊದಲು ವೀಣೆ ನುಡಿಸುತ್ತಿದ್ದವನೆಂದು ತಿಳಿದೇ, ತಂತಿ ಅತಿ ಬಿಗಿಯಾದರೂ ನುಡಿಯದು, ಅತಿ ಸಡಿಲವಾದರೂ ನುಡಿಯದು ಎಂದು ಬುದ್ಧರು ತಿಳಿಹೇಳಿದ್ದು.

ಹಲಗೆ ಧ್ವನಿ:
ಮಾಸ್ತರೇ, ವೀಣೆಯ ಮಾತು ನೀವೇ ತೆಗೆದಿರಿ. ಪಂಚಶಿಖನೆಂಬ ಗಂಧರ್ವ ಬುದ್ಧರು ಕುಳಿತಿದ್ದ ಗುಹೆಯ ಹತ್ತಿರ ಬಂದು ವೀಣೆ ನುಡಿಸುತ್ತ ಹಾಡಿದಾಗ, ಅದೂ ಪ್ರೇಮಗೀತೆ ಹಾಡಿದಾಗ, ನಿನ್ನ ತಂತಿಯ ದನಿ ಹಾಡಿಗೆ, ಹಾಡಿನ ದನಿ ತಂತಿಗೆ ಚೆನ್ನಾಗಿ ಹೊಂದಿಕೊಂಡಿದೆ ಎಂದು ಬುದ್ಧರು ಹೊಗಳಿದ್ದು ದೀಘ ನಿಕಾಯದಲ್ಲಿದೆ. ಬುದ್ಧರೇ ಕೇಳಿ ಮೆಚ್ಚಿದ್ದನ್ನು ಶಿಷ್ಯರು ಕೇಳಬಾರದೇ?

ತ್ರಿಶರಣ:
ಹಾಗೆಯೇ ತಾಲಪುಟನ ಪ್ರಸಂಗವನ್ನೂ ಓದಿ. ನಟರ ಮುಖಂಡನಾದ ಅವನು, ಜನರನ್ನು ನಗಿಸಿ ರಂಜಿಸುವ ನಟರು ಸತ್ತ ಮೇಲೆ ನಗುವ ದೇವತೆಗಳ ಜೊತೆ ಹುಟ್ಟುತ್ತಾರಂತೆ, ನಿಜವೇ ಎಂದು ಕೇಳಿದ. ಬೇಡ, ಕೇಳಬೇಡ ಎಂದು ಬುದ್ಧರು ತಡೆದರೂ ಬಿಡಲಿಲ್ಲ. ಕೊನೆಗೆ ಅವರು ಕೊಟ್ಟ ಉತ್ತರ, ಅವರು ಹುಟ್ಟುವುದು ನರಕದಲ್ಲಿ ಎಂದು. ಅವನು ಅಳುತ್ತ ಕುಳಿತ, ಮುಂದೆ ಭಿಕ್ಷುವಾದ.

ಹಲಗೆ ಧ್ವನಿ:
ಹಾಡು ಹೇಳಿ ಹೊಟ್ಟೆ ಹೊರೆಯುವ ನಮ್ಮ ಜನರಿಗೆ ನೀವು ನರಕದ ಕಥೆ ಹೇಳುತ್ತೀರಾ? ಇದನ್ನು ನಾನು ಎಂದಿಗೂ ಒಪ್ಪುವುದಿಲ್ಲ.

ಶಹಾಪುರದ ಶಿಕ್ಷಕಿ:
ತ್ರಿಶರಣ ಅವರು ಆ ಸುತ್ತವನ್ನು ಅರ್ಧಕ್ಕೆ ನಿಲ್ಲಿಸಬಾರದಿತ್ತು. ಅಲ್ಲಿ ದೋಷ ಹೇಳಿರುವುದು ರಾಗ, ದ್ವೇಷ, ಮೋಹಗಳಲ್ಲಿ ಮುಳುಗಿದ ಜನರಲ್ಲಿ ಅವನ್ನೇ ಇನ್ನಷ್ಟು ಕೆರಳಿಸುವುದಕ್ಕೆ. ಅರಿವು ಮೂಡಿಸುವ ಹಾಡಿಗೆ ಆ ಮಾತನ್ನು ತಂದು ಹಚ್ಚುವುದು ಸರಿಯಲ್ಲ. ಅದೇ ತಾಲಪುಟ ಅರಹಂತನಾದ, ಅಂದರೆ ಮುಕ್ತನಾದ, ಮೇಲೆ ತನ್ನ ಮನಸ್ಸಿನೊಂದಿಗೆ ತಾನೇ ಮಾತನಾಡಿದ ದೀರ್ಘ ಪದ್ಯಗಳು ಹಿರಿಯ ಭಿಕ್ಷುಗಳ ಪದ್ಯಸಂಗ್ರಹವಾದ ಥೇರಗಾಥಾದಲ್ಲಿವೆ ಎಂಬುದನ್ನು ಮರೆಯಬಾರದು.

ಹಲಗೆ ಧ್ವನಿ ಅವರಿಗೂ ಒಂದು ಮಾತು. ಪಂಚಶಿಖ ಭಿಕ್ಷುವಲ್ಲ, ಅವನಿಗೆ ಹಾಡಲು ಯಾವ ಅಡ್ಡಿಯೂ ಇರಲಿಲ್ಲ. ಬುದ್ಧರು ಅವನನ್ನು ಹುಡುಕಿಕೊಂಡು ಹೋಗಿ ಕೇಳಿದವರೂ ಅಲ್ಲ. ಸಂಘದೊಳಗೆ ಒಳ್ಳೆಯ ಕಂಠಕ್ಕೆ ಬೆಲೆ ಇತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಗಳಿವೆ. ಕುಳ್ಳಗಿದ್ದು ಎಲ್ಲರ ಗೇಲಿಗೆ ಗುರಿಯಾಗುತ್ತಿದ್ದ ಲಕುಂಟಕ ಭದ್ದಿಯನನ್ನು ಮಧುರ ಕಂಠದವರಲ್ಲಿ ಮೊದಲಿಗನೆಂದು ಬುದ್ಧರು ಕರೆದರು. ದೂರದ ಅವಂತಿಯಿಂದ ನಡೆದು ಬಂದ ಸೋಣ ಕುಟಿಕಣ್ಣ ಬೆಳಗಿನ ಜಾವ ಬುದ್ಧವಚನದ ಒಂದು ಭಾಗವಾದ ಅಟ್ಠಕ ವಗ್ಗವನ್ನು ಸ್ವರದಲ್ಲಿ ಹೇಳಿದಾಗ, ಎಷ್ಟು ಸ್ಪಷ್ಟವಾದ ಉಚ್ಚಾರ ಎಂದು ಮೆಚ್ಚಿಕೊಂಡರು. ದನಿ ಇರಲಿ, ಆದರೆ ಅದು ಮಾತನ್ನು ಹೊತ್ತು ತರಲಿ ಎಂಬುದೇ ಅಲ್ಲಿನ ನಿಲುವು.

ಮುಂಡಗೋಡ ನೋಡಿ ಬಂದವನು:
ಟಿಬೆಟಿನವರ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅವರು ಪಾಲಿಸುವುದು ಮೂಲಸರ್ವಾಸ್ತಿವಾದ ಎಂಬ ಪಂಥದ ವಿನಯ, ನಮ್ಮ ಭಾಗದ ಭಂತೇಜಿಗಳು ಥೇರವಾದದ ಪಾಲಿ ವಿನಯದವರು. ಶ್ರಾಮಣೇರ ಶೀಲದಲ್ಲಿ ಅವರಿಗೂ ಹಾಡು ಕುಣಿತ ಬಿಡುವ ನಿಯಮ ಇದ್ದೇ ಇದೆ. ಮನರಂಜನೆಗೆ ನುಡಿಸುವುದು ಬೇರೆ, ಪೂಜಾವಿಧಿಯಲ್ಲಿ ಅರ್ಪಣೆಯಾಗಿ ನುಡಿಸುವುದು ಬೇರೆ ಎಂದು ಅವರು ಭಾವಿಸುತ್ತಾರೆ. ನಾನು ಮುಂಡಗೋಡಿನ ಟಿಬೆಟಿನ ಮಠಗಳಲ್ಲಿ ಹತ್ತಿರದಿಂದ ನೋಡಿದ್ದೇನೆ. ಡುಂಗ್‌ಚೆನ್ ಎಂಬ ಉದ್ದನೆಯ ಕಹಳೆಯನ್ನು ಇಬ್ಬರು ಜೋಡಿಯಾಗಿ ಊದುತ್ತಾರೆ, ಅದರ ಬಾಯಿ ನೆಲಕ್ಕೆ ತಾಗಿರುತ್ತದೆ, ಒಬ್ಬರ ಉಸಿರು ಮುಗಿಯುವಾಗ ಇನ್ನೊಬ್ಬರು ಹಿಡಿಯುವುದರಿಂದ ನಾದ ಕಡಿಯುವುದಿಲ್ಲ. ಅದರಲ್ಲಿ ಗುನುಗಿಕೊಳ್ಳುವಂಥ ಧಾಟಿ ಒಂದೂ ಇಲ್ಲ. ಹುಣಸೂರಿನ ಹತ್ತಿರದ ಗ್ಯುಮೆ ತಾಂತ್ರಿಕ ಮಠದ ಭಿಕ್ಷುಗಳು ಒಂದೇ ಕಂಠದಿಂದ ತಗ್ಗಿನ ದನಿ ಮತ್ತು ಅದರ ಮೇಲಿನ ಸ್ವರ ಎರಡನ್ನೂ ಹೊರಡಿಸುವ ಪಠಣಕ್ಕೆ ಹೆಸರಾದವರು. ಅದನ್ನು ಸಂಗೀತ ಕಛೇರಿ ಎಂದು ತಿಳಿದುಕೊಂಡರೆ ಅವರಿಗೇ ಬೇಸರವಾಗುತ್ತದೆ.

ಬೀದರ ಕೋಟೆ ಓಣಿ:
ನನ್ನ ಅನುಮಾನ ಬೇರೆ. 1422ರಲ್ಲಿ ತೀರಿಕೊಂಡ ಕಲಬುರಗಿಯ ಸೂಫಿ ಸಂತ ಬಂದೇನವಾಜರ ಚಿಶ್ತಿ ಪರಂಪರೆಯಲ್ಲಿ ಸಮಾ ಎಂಬ ಭಕ್ತಿಗಾಯನ ಕೇಳುವುದೇ ಸಾಧನೆಯ ಒಂದು ದಾರಿ. ನಮ್ಮ ಬೀದರಿನ ನಾನಕ್ ಝಿರಾ ಗುರುದ್ವಾರದಲ್ಲಿ ದಿನವೂ ಕೀರ್ತನೆ ಕೇಳುತ್ತದೆ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡದ ಭಜನಾ ಮಂಡಳಿ ಈ ಸೀಮೆಯಲ್ಲಿ ಇಲ್ಲ. ಇಷ್ಟೊಂದು ಪರಂಪರೆಗಳು ಹಾಡನ್ನೇ ದಾರಿ ಮಾಡಿಕೊಂಡಿರುವಾಗ ಬೌದ್ಧರು ಮಾತ್ರ ಒಣಗಿದವರಂತೆ ಏಕಿರಬೇಕು?

ಭೀಮಾತೀರ:
ಒಣಗಿದವರು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಸಾಂಚಿಯ ಉತ್ತರ ತೋರಣದಲ್ಲಿ ಸ್ತೂಪಕ್ಕೆ ವಂದಿಸುವ ಜನ ಕೊಳಲು, ಕಹಳೆ, ಮದ್ದಳೆ ಹಿಡಿದಿರುವುದನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಕುಸಿನಾರೆಯಲ್ಲಿ ಬುದ್ಧರ ಪಾರ್ಥಿವ ಶರೀರವನ್ನು ಮಲ್ಲರು ಹಾಡು, ವಾದ್ಯ, ಹೂಮಾಲೆಗಳಿಂದ ಗೌರವಿಸಿದರು ಎಂದು ಮಹಾಪರಿನಿಬ್ಬಾಣ ಸುತ್ತವೇ ಹೇಳುತ್ತದೆ. ಬೌದ್ಧರ ನಡುವೆ ಹಾಡು ಯಾವಾಗಲೂ ಇತ್ತು, ಅದನ್ನು ಹಾಡಿದವರು ಗೃಹಸ್ಥರು.

ನಿರ್ವಾಹಕ:
ಚರ್ಚೆ ಬಿಸಿಯಾಗುತ್ತಿದೆ. ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಸಿಕ್ಕ ಅಶೋಕನ ಶಾಸನದ ಕಲ್ಲಿನಲ್ಲಿ ಹನ್ನೆರಡನೆಯ ಶಿಲಾಶಾಸನವೂ ಇದೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಇತರರ ಪಂಥವನ್ನು ಹಳಿಯಬಾರದು, ಮಾತಿನಲ್ಲಿ ಸಂಯಮ ಇರಬೇಕು ಎಂದು ಅದು ಹೇಳುತ್ತದೆ. ನಮ್ಮದೇ ಭೀಮಾ ದಂಡೆಯಲ್ಲಿ ಕೆತ್ತಿಟ್ಟ ಮಾತನ್ನು ಇಲ್ಲಿ ಎಲ್ಲರೂ ಪಾಲಿಸೋಣ. ಇತರ ಧರ್ಮಗಳೊಂದಿಗಿನ ಹೋಲಿಕೆ ಇಲ್ಲಿಗೆ ಸಾಕು.

ಭೀಮಾತೀರ:
ಒಂದು ಪ್ರಾಯೋಗಿಕ ಪ್ರಶ್ನೆ. ಏಪ್ರಿಲ್ 14ರ ಮೆರವಣಿಗೆ ಡಿಜೆ ಸಮೇತ ನಮ್ಮ ವಿಹಾರದ ಮುಂದೆಯೇ ಹಾದುಹೋಗುತ್ತದೆ, ಕಿಟಕಿಯ ಗಾಜು ನಡುಗುತ್ತದೆ. ಒಳಗಿರುವ ಭಂತೇಜಿಯವರು ಕಿವಿ ಮುಚ್ಚಿಕೊಳ್ಳಬೇಕೇ?

ಶಹಾಪುರದ ಶಿಕ್ಷಕಿ:
ಬೇಕಿಲ್ಲ. ತಾನಿರುವ ವಿಹಾರದೊಳಗಿದ್ದು ಕಂಡರೆ ಅಥವಾ ಕೇಳಿಸಿದರೆ ದೋಷವಿಲ್ಲ, ದಾರಿಯಲ್ಲಿ ಎದುರಾದರೆ ದೋಷವಿಲ್ಲ, ಬೇರೆ ಕೆಲಸಕ್ಕೆಂದು ಹೋದಲ್ಲಿ ಕಂಡರೂ ದೋಷವಿಲ್ಲ ಎಂದು ವಿನಯದಲ್ಲಿ ಬಿಡಿಸಿ ಹೇಳಿದೆ. ನೋಡಬೇಕು, ಕೇಳಬೇಕು ಎಂಬ ಉದ್ದೇಶದಿಂದ ಎದ್ದು ಹೋಗುವುದೇ ತಪ್ಪು. ಮೊಬೈಲಿನಲ್ಲಿ ತಾವೇ ಹಚ್ಚಿಕೊಂಡು ಕೇಳುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಚಿತ್ತಾಪುರದ ಅಣ್ಣ:
ನಿಮ್ಮೆಲ್ಲರ ಮಾತುಗಳನ್ನು ತಮ್ಮನಿಗೆ ಓದಿ ಹೇಳಿದೆ. ಪೇಟಿ ಮಾಸ್ತರರ ಮಾತು ಕೇಳಿ ಅವನು ಬಹಳ ಹೊತ್ತು ಯೋಚಿಸಿ, ಇದಾದರೆ ನನಗೆ ಅರ್ಥವಾಗುತ್ತದೆ ಎಂದ. ಈಗ ಅವ್ವನ ಚಿಂತೆ ಬೇರೆಯಾಗಿದೆ. ಮಧ್ಯಾಹ್ನದ ಮೇಲೆ ಊಟವಿಲ್ಲ ಎಂದು ಕೇಳಿ ಅವಳಿಗೆ ನಿದ್ದೆ ಬರುತ್ತಿಲ್ಲ. ದಿನ ಹೇಗೆ ಕಳೆಯುತ್ತದೆ ಎಂದು ಅನುಭವ ಇದ್ದವರು ಹೇಳಿದರೆ ಅವಳಿಗೆ ಸಮಾಧಾನವಾಗುತ್ತದೆ.

ಸೇಡಂ ರಸ್ತೆ:
ನಾನು ಶ್ರಾಮಣೇರ ಶಿಬಿರ ಮುಗಿಸಿದವನು, ಈಗ ಗೃಹಸ್ಥ. ಕತ್ತಲಿರುವಾಗಲೇ ಎದ್ದು, ಅಂಗಳ ಗುಡಿಸಿ, ವಂದನೆ ಮತ್ತು ಧ್ಯಾನಕ್ಕೆ ಕೂರುವುದು. ಬೆಳಕಾದ ಮೇಲೆ ಗಂಜಿ ಅಥವಾ ಉಪ್ಪಿಟ್ಟು. ನಂತರ ಪಾತ್ರೆ ಹಿಡಿದು ಭಿಕ್ಷಾಟನೆ. ಮೊದಲ ದಿನ ನಮ್ಮ ಸಂಬಂಧಿಕರ ಓಣಿಗೇ ಹೋಗಬೇಕಾಗಿ ಬಂದಾಗ ನನ್ನ ಕೈ ನಡುಗಿತ್ತು. ಸಾಲಾಗಿ ಬರಿಗಾಲಲ್ಲಿ ನಡೆದು, ಮನೆ ಮುಂದೆ ಮಾತಿಲ್ಲದೆ ನಿಲ್ಲಬೇಕು. ಇಂಥದೇ ಬೇಕು ಎಂದು ಕೇಳುವಂತಿಲ್ಲ. ಪಾತ್ರೆಯೊಳಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಅನ್ನ, ಸಿಹಿ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ, ಹಾಗೆಯೇ ಉಣ್ಣಬೇಕು. ಸೂರ್ಯ ನೆತ್ತಿಗೆ ಬರುವುದರೊಳಗೆ ಊಟ ಮುಗಿಯಬೇಕು. ಕಲಬುರಗಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ತಿಂಗಳಿಗೆ ತಕ್ಕಂತೆ ಹಿಂದುಮುಂದಾದರೂ ಸಾಮಾನ್ಯವಾಗಿ 12 ಗಂಟೆ 20 ನಿಮಿಷದ ಆಸುಪಾಸಿಗೆ, ಆದರೂ ನಮ್ಮ ಗುರುಗಳು ಗಡಿಯಾರದ ಹನ್ನೆರಡಕ್ಕೇ ಪಾತ್ರೆ ತೊಳೆಸುತ್ತಿದ್ದರು.

ಅವ್ವನವರಿಗೆ ಹೇಳಿ, ಮಧ್ಯಾಹ್ನದ ಮೇಲೆ ಉಪವಾಸವೆಂದು ತಿಳಿಯಬಾರದು. ಸೋಸಿದ ಹಣ್ಣಿನ ರಸ ಕುಡಿಯಬಹುದು, ಮಾವು, ನೇರಳೆ, ಬಾಳೆ, ದ್ರಾಕ್ಷಿ ಮುಂತಾದ ಎಂಟು ಪಾನಕಗಳಿಗೆ ವಿನಯದಲ್ಲಿಯೇ ಒಪ್ಪಿಗೆ ಇದೆ. ಆರೋಗ್ಯವಂತರಿಗೂ ಬೆಲ್ಲದ ನೀರು ನಡೆಯುತ್ತದೆ. ಕಾಯಿಲೆಯಾದರೆ ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಈ ಐದನ್ನು ಔಷಧವಾಗಿ ಏಳು ದಿನ ಇಟ್ಟುಕೊಳ್ಳಬಹುದು. ಎರಡು ಮೂರು ದಿನ ಸಂಜೆ ಹೊಟ್ಟೆ ಕೂಗುತ್ತದೆ, ಆಮೇಲೆ ಹಗುರವೆನಿಸುತ್ತದೆ. ಎತ್ತರದ ಮಂಚ, ಸುಗಂಧ, ಹೂಮಾಲೆ, ಕೈಯಲ್ಲಿ ಹಣ ಇವ್ಯಾವೂ ಇಲ್ಲ. ನನಗೆ ಅತಿ ಕಷ್ಟವಾದದ್ದು ಮೊಬೈಲ್ ಇಲ್ಲದೆ ಇರುವುದು.

ಮತ್ತೆ, ನಿಮ್ಮ ತಮ್ಮ ಮರೆತು ಒಂದು ಹಾಡು ಗುನುಗಿದರೆ ಹೊರಗೆ ಹಾಕುತ್ತಾರೆಂದು ಹೆದರಬೇಡಿ. ಶ್ರಾಮಣೇರ ಹತ್ತರಲ್ಲಿ ಕೊನೆಯ ಐದು ಶೀಲಗಳನ್ನು ಮುರಿದರೆ ನೀರು ಹೊರುವುದು, ಮರಳು ಹೊರುವುದು ಇಂಥ ಶಿಕ್ಷೆ ಇರುತ್ತದೆ. ನಮ್ಮಲ್ಲಿ ಒಬ್ಬ ಹುಡುಗ ಸಿನಿಮಾ ಹಾಡು ಹೇಳಿ ಗಿಡಗಳಿಗೆಲ್ಲ ನೀರು ಹಾಕಿದ್ದ.

ಹಲಗೆ ಧ್ವನಿ:
ಸೇಡಂ ರಸ್ತೆಯವರ ಅನುಭವಕ್ಕೆ ಗೌರವವಿದೆ. ಆದರೆ ನನ್ನ ನೋವು ಇನ್ನೊಂದಿದೆ. ಹಾಡಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಮಾಡುವವರು ಹಣದ ವಿಷಯದಲ್ಲಿ ಸಡಿಲವಾಗಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಊರ ಹೆಸರು, ವ್ಯಕ್ತಿಯ ಹೆಸರು ಹೇಳುವುದಿಲ್ಲ. ದಕ್ಷಿಣೆಯ ಲಕೋಟೆಯನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡವರೊಬ್ಬರು ಅದೇ ವೇದಿಕೆಯಲ್ಲಿ ನಮ್ಮ ಹುಡುಗಿಯರ ಹಾಡನ್ನು ನಿಲ್ಲಿಸಿ ಎಂದರು. ಆ ಮಕ್ಕಳು ಅಳುತ್ತ ಕೆಳಗಿಳಿದರು. ಆ ದಿನದಿಂದ ನನಗೆ ಈ ನಿಯಮದ ಮಾತೆತ್ತಿದರೆ ಸಿಟ್ಟು ಬರುತ್ತದೆ.

ಶಹಾಪುರದ ಶಿಕ್ಷಕಿ:
ನಿಮ್ಮ ಸಿಟ್ಟು ನ್ಯಾಯವಾದದ್ದು. ಭಿಕ್ಷು ಚಿನ್ನ, ಬೆಳ್ಳಿ, ಹಣ ಸ್ವೀಕರಿಸಿದರೆ ಅದು ನಿಸ್ಸಗ್ಗಿಯ ಪಾಚಿತ್ತಿಯ, ಹಾಡು ಕೇಳಲು ಹೋಗುವ ದುಕ್ಕಟಕ್ಕಿಂತ ಗುರುತರವಾದ ದೋಷ. ಆ ಹಣವನ್ನು ಸಂಘದ ಮುಂದೆ ಬಿಟ್ಟುಕೊಟ್ಟು ನಿವೇದಿಸಿಕೊಳ್ಳಬೇಕು. ಸಾಂಚಿಯ ಶಾಸನಗಳಲ್ಲಿ ಭಿಕ್ಷು, ಭಿಕ್ಷುಣಿಯರೇ ದಾನಿಗಳಾಗಿ ಕಾಣುತ್ತಾರೆ, ಅಂದರೆ ಸ್ವಂತ ಆಸ್ತಿಯ ಪ್ರಶ್ನೆ ಎರಡು ಸಾವಿರ ವರ್ಷಗಳ ಹಿಂದೆಯೂ ಇಷ್ಟು ಸರಳವಾಗಿರಲಿಲ್ಲ. ಏನೇ ಇರಲಿ, ವಿನಯದ 227 ನಿಯಮಗಳು ಭಿಕ್ಷು ತನ್ನನ್ನು ತಾನು ತಿದ್ದಿಕೊಳ್ಳಲು ಇರುವವು. ಗೃಹಸ್ಥ ಮಕ್ಕಳ ಹಾಡನ್ನು ನಿಲ್ಲಿಸಲು ಅವುಗಳಲ್ಲಿ ಯಾವುದೂ ಅಧಿಕಾರ ಕೊಡುವುದಿಲ್ಲ. ಅವರಿಗೆ ಕೇಳುವುದು ಬೇಡವಾಗಿದ್ದರೆ ಅವರೇ ಎದ್ದು ಹೋಗಬೇಕಿತ್ತು.

ತ್ರಿಶರಣ:
ಈ ಮಾತನ್ನು ನಾನೂ ಪೂರ್ತಿಯಾಗಿ ಒಪ್ಪುತ್ತೇನೆ.

ಭೀಮಾತೀರ:
ಅಣ್ಣನವರೇ, ಅವ್ವ ಅಪ್ಪ ಇಬ್ಬರ ಒಪ್ಪಿಗೆಯನ್ನೂ ಭಂತೇಜಿಯವರ ಮುಂದೆ ಹೇಳಿಸಿ. ರಾಹುಲನಿಗೆ ದೀಕ್ಷೆಯಾದಾಗ ಅಜ್ಜ ಶುದ್ಧೋದನ ಸಂಕಟಪಟ್ಟು ಕೇಳಿಕೊಂಡ ಮೇಲೆ, ತಂದೆತಾಯಿಯರ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ದೀಕ್ಷೆ ಕೊಡಬಾರದೆಂಬ ನಿಯಮ ಬಂದಿತು.

ಸೇಡಂ ರಸ್ತೆ:
ವೇದಿಕೆಯ ಜಗಳಕ್ಕೆ ನಮ್ಮ ಊರಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಬುದ್ಧ ಪೂರ್ಣಿಮೆಯ ಬೆಳಿಗ್ಗೆ ವಂದನೆ, ಪರಿತ್ತ ಪಠಣ, ಧಮ್ಮದೇಸನೆ ಮತ್ತು ಭೋಜನದಾನ ಮುಗಿಸಿ ಭಂತೇಜಿಗಳನ್ನು ವಿಹಾರಕ್ಕೆ ಬೀಳ್ಕೊಡುತ್ತೇವೆ. ಹಾಡು, ಹಲಗೆ, ನಾಟಕ ಸಂಜೆ ಸಮುದಾಯ ಭವನದ ಮುಂದೆ. ಯಾರಿಗೂ ಮುಜುಗರವಿಲ್ಲ.

ಹಲಗೆ ಧ್ವನಿ:
ಇದು ನನಗೆ ಒಪ್ಪಿಗೆ. ಆದರೆ ಒಂದು ಷರತ್ತು, ಬೆಳಗಿನ ಕಾರ್ಯಕ್ರಮಕ್ಕೆ ಸಿಗುವ ಶಾಮಿಯಾನ, ಧ್ವನಿವರ್ಧಕ ಮತ್ತು ಊಟದ ಖರ್ಚು ಸಂಜೆಯ ಹಾಡುಗಾರರಿಗೂ ಸಮಿತಿಯಿಂದಲೇ ಸಿಗಬೇಕು. ಮುಂದಿನ ಸಭೆ ಯಾವ ಭಾನುವಾರ ಎಂದು ತಿಳಿಸಿ, ನಾನೇ ಬಂದು ಮಂಡಿಸುತ್ತೇನೆ.